ಕೈ ನಡುಗುವವರ ಕ್ಯಾಮೆರಾ

ಸೋಮವಾರ, ಹದಿನೆಂಟನೇ ತಾರೀಕು

ಚಿನಕುರುಳಿಗೆ ಅಜ್ಜಿ ಬರೆಯುವುದು,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದೆಯಲ್ಲ, ನಿನಗೇನು ಹೇಳಲಿ! ಫೋನ್ ಮಾಡೋಣವೆಂದರೆ ನಿಮ್ಮಮ್ಮ ಪಕ್ಕದಲ್ಲೇ ಕಿವಿ ಕೊಟ್ಟು ನಿಂತಿರುತ್ತಾಳೆ. ಅದಕ್ಕೇ ಇದನ್ನು ನಿನ್ನ ಆಫೀಸಿಗೆ ಹಾಕುತ್ತಿದ್ದೇನೆ. ಅಕ್ಷರ ಸೊಟ್ಟಪಟ್ಟ ಕಂಡರೆ, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅಂತ ತಿಳಿದುಕೋ. ಬೇರೇನೂ ಕಲ್ಪಿಸಿಕೊಳ್ಳಬೇಡ.

ಹೋದ ವಾರ ನೀನು ಬಂದದ್ದು ನನ್ನನ್ನು ನೋಡುವುದಕ್ಕೋ, ಪರೀಕ್ಷೆ ಮಾಡುವುದಕ್ಕೋ? ಬಂದವಳೇ ದಾರದ ಡಬ್ಬಿ ಹಿಡಿದು, ಸಣ್ಣಕ್ಷರ ಓದಜ್ಜಿ ಅಂದೆ. ರೇಡಿಯೋದ ಚಿಕ್ಕ ಗುಂಡಿ ಒತ್ತಿ ತೋರಿಸು ಅಂದೆ. ಎರಡೂ ಕೈ ಮುಂದೆ ಚಾಚು ಅಂದೆ. ಕೊನೆಗೆ ನನ್ನ ದೊಡ್ಡ ಕತ್ತರಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ನೇತುಹಾಕಿ, ಭಾರ ಆಗುತ್ತಾ ಅಂತ ಕೇಳಿದೆ. ನಾನೇನು ಎತ್ತಾ?

ನಿಮ್ಮಮ್ಮನೇ ಕಳಿಸಿದ್ದಾಳೆ ಅಂತ ಆಗಲೇ ಅಂದುಕೊಂಡೆ. ವರ್ಷದಿಂದ ಅವಳದು ಒಂದೇ ರಾಗ. ಹೊಲಿಗೆ ಕೋಣೆಗೆ ಬೀಗ ಹಾಕಮ್ಮ, ಮಿಷನ್ ಯಾರಿಗಾದರೂ ಕೊಡು, ನಮ್ಮ ಜೊತೆ ಬಂದಿರು ಅಂತ. ಬಂದು ಏನು ಮಾಡಲಿ, ನಿಮ್ಮ ಗೋಡೆ ನೋಡುತ್ತಾ ಕೂರಲಾ?

ನಿನ್ನೆ ಫೋಟೋ ಅಂಗಡಿಯವನು ಪ್ಯಾಂಟಿನ ಅಂಚು ಮಡಚಿಸಲು ಬಂದ. ಕೋಣೆಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಅವರೆದುರೇ ಹಲ್ಲು ಕಿರಿಯುತ್ತಾ, ನಿಮ್ಮ ಮೊಮ್ಮಗಳು ಕೈ ನಡುಗೋರಿಗೆ ಯಾವ ಕ್ಯಾಮೆರಾ ಒಳ್ಳೇದು ಅಂತ ಕೇಳ್ಕೊಂಡು ಹೋದಳು, ಅಜ್ಜಿಗೇ ಉಡುಗೊರೆ ಅಂತೆ, ಅಂದ. ಕೋಟಿನ ಬಟ್ಟೆ ತಂದಿದ್ದಾಕೆ ಒಂದು ಸಲ ಬಟ್ಟೆ ನೋಡಿದಳು, ಒಂದು ಸಲ ನನ್ನ ಕೈ ನೋಡಿದಳು. ಆಮೇಲೆ ಬರ್ತೀನಿ ಅಂತ ಬಟ್ಟೆ ಸಮೇತ ಹೋದಳು. ನನ್ನ ಕೈ ವಿಷಯ ಬೀದಿಗೆ ಹಾಕಲು ನಿನಗೆ ಯಾರು ಹೇಳಿದರು?

ಉಡುಗೊರೆಯಂತೆ! ನಾನು ತೆಗೆದ ಫೋಟೋ ಅಲುಗಾಡಿದರೆ ನಿಮ್ಮಮ್ಮನಿಗೆ ಸಾಕ್ಷಿ ಸಿಕ್ಕಿದ ಹಾಗಾಯಿತು. ನೋಡಮ್ಮ, ನಿನ್ನ ಕೈ ಹೇಗಿದೆ ನೀನೇ ನೋಡು ಅಂತ ಮುಖಕ್ಕೆ ಹಿಡಿದು ಕೋಣೆಗೆ ಬೀಗ ಹಾಕಿಸುತ್ತಾಳೆ. ಇಲ್ಲದಿದ್ದರೆ ಮೂರು ಹೊತ್ತು ಬಟ್ಟೆ ಹೊಲಿಯುವವಳಿಗೆ ಕ್ಯಾಮೆರಾ ಯಾಕೆ?

ಹಾಗಂತ ಇವತ್ತು ಆ ಅಂಗಡಿಗೆ ಹೋಗಿ ಜಗಳ ಆಡಿದೆ. ಅವನು ಬೈಸಿಕೊಂಡು, ನೀನು ಆರಿಸಿಟ್ಟು ಹೋದ ಕ್ಯಾಮೆರಾ ತಂದು ಕೈಗಿಟ್ಟ. ಬೆಳ್ಳಿ ಬಣ್ಣದ್ದು, ಗುಂಡಿ ದೊಡ್ಡದು, ನನ್ನ ಕತ್ತರಿಗಿಂತ ಹಗುರ. ನಿಮ್ಮ ಮೊಮ್ಮಗಳು ಒಂದೇ ಮಾತು ಹೇಳಿದ್ದು, ನಮ್ಮಜ್ಜಿ ಹೊಲಿದದ್ದೆಲ್ಲ ಬೇರೆಯವರ ಮೈಮೇಲೆ ಹೋಯಿತು, ಅವಳ ಹತ್ತಿರ ಒಂದೂ ಇಲ್ಲ, ಇನ್ನು ಮೇಲಾದರೂ ಫೋಟೋ ಇರಲಿ ಅಂತ, ಅಂದ. ನಾನು ನಂಬಲಿಲ್ಲ. ಅವನು ವ್ಯಾಪಾರದವನು, ಏನು ಬೇಕಾದರೂ ಹೇಳುತ್ತಾನೆ. ಆ ಮಾತು ನಿನ್ನದೇನಾ, ನೀನೇ ಬರೆದು ತಿಳಿಸು.

ಇಂತಿ,
ನಿನ್ನ ಅಜ್ಜಿ

ಮರೆತಿದ್ದೆ: ಅಂಗಡಿಯಲ್ಲಿ ತೆಗೆದ ಮೊದಲ ಎರಡು ಫೋಟೋ ಅಲುಗಾಡಿದವು. ಮೂರನೆಯದಕ್ಕೆ ಗುಂಡಿ ತೂರಿಸುವ ಕಾಜಾ ಹೊಲಿಯುವಾಗ ಮಾಡುವ ಹಾಗೆ ಮೊಣಕೈ ಪಕ್ಕೆಗೆ ಒತ್ತಿ ಉಸಿರು ಬಿಗಿಹಿಡಿದೆ. ಅವನ ಮೂಗಿನ ಮೇಲಿನ ನರೂಲಿ ಸಮೇತ ಸ್ಪಷ್ಟ ಬಂತು. ಆದರೆ ಕಾಜಾ ಈಗ ನಾನು ಹೊಲಿಯುವುದಿಲ್ಲ. ಹಿಂದಿನ ಬೀದಿಯ ಟೈಲರ್ ಹತ್ತಿರ ಮಾಡಿಸುತ್ತೇನೆ. ಅದು ನಿಮ್ಮಮ್ಮನಿಗೆ ಗೊತ್ತಾಗಕೂಡದು. ನಾಳಿದ್ದು ಒಂದು ಫ್ರಾಕ್ ಮುಗಿಯುತ್ತದೆ, ಅದನ್ನು ತಿಂಗಳ ಕೊನೆಗೆ ಒಯ್ಯುತ್ತಾರೆ. ಆಮೇಲೆ ಫೋಟೋ ತೆಗೆಯಲು ಸಿಗುವುದಿಲ್ಲ. ಕ್ಯಾಮೆರಾ ನನಗೋ, ನಿಮ್ಮಮ್ಮನ ಸಾಕ್ಷಿಗೋ? ಇಪ್ಪತ್ತೆಂಟನೇ ತಾರೀಕಿನೊಳಗೆ ಉತ್ತರ ಬರಬೇಕು.