ಅತ್ತೆ ಬಿಚ್ಚಿಸಿದ ಚಾಪೆ

ಜುಲೈ 14, ಮಂಗಳವಾರ. ಆಕ್ಲೆಂಡ್.

ನಾನು ನಡೆಸುವ ಚಾಪೆ ಹೆಣಿಗೆಯ ಆನ್‌ಲೈನ್ ಕೋರ್ಸನ್ನು ಲೆಸಿಯೆಲಿ ದುಡ್ಡು ಕೊಟ್ಟು ಕೊಂಡಿದ್ದಾಳೆ. ಬೆಳಗಿನಿಂದ ಇದೇ ಕೊರೆಯುತ್ತಿತ್ತು. ನನಗೆ ಹೆಣಿಗೆ ಕಲಿಸಿದವರೇ ಅವಳಮ್ಮ, ನನ್ನ ಸೋದರತ್ತೆ ಫುಸಿ. ಅದೂ ಚರ್ಚಿನ ಹಜಾರದಲ್ಲಿ, ಪುಕ್ಕಟೆಯಾಗಿ.

ಸಂಜೆ ಫೋನ್ ಮಾಡಿದೆ. "ಮನೇಲೇ ಅಂಥ ಅಮ್ಮನ್ನ ಇಟ್ಕೊಂಡು ನನ್ನ ಕೋರ್ಸ್ ತಗೊಂಡಿದ್ಯಲ್ಲ, ತಲೆ ಕೆಟ್ಟಿದ್ಯೇನೇ? ದುಡ್ಡು ವಾಪಸ್ ಹಾಕ್ತೀನಿ."

"ಬೇಡ ಕಣೇ. ಒಂದೆಳೆ ತಪ್ಪಿದ್ರೂ ಅಮ್ಮ ಕೈ ಮೇಲೆ ಬಾರಿಸ್ತಾಳೆ. ನಿನ್ನ ವಿಡಿಯೋ ಬೈಯಲ್ಲ."

ಅಷ್ಟರಲ್ಲಿ ಅವಳ ಹಿಂದಿನಿಂದ ಅತ್ತೆಯ ದನಿ: "ಅವಳೇನೇ ಫೋನಲ್ಲಿ? ಚಾಪೆ ಅಂಚು ಹಾಗೆ ಮಡಚ್ತಾರಾ? ಬಿಚ್ಚಿ ಮೊದಲಿಂದ ಹೆಣೆದು ತೋರ್ಸು ಅನ್ನು!"

ಅಪ್ಪನ ಅಕ್ಕನಿಗೆ ನಮ್ಮ ಟೊಂಗಾದವರು ಎದುರಾಡುವುದುಂಟೇ? ಹೂಂ ಅಂದೆ.

ಲೆಸಿಯೆಲಿ ದನಿ ತಗ್ಗಿಸಿದಳು. "ದಿನಾ ನನ್ನ ಪಕ್ಕ ಕೂತು ವಿಡಿಯೋ ನೋಡ್ತಾ ನಿನ್ನ ತಪ್ಪು ಹಿಡೀತಾಳೆ. ನಾನು ಕಲೀತಿರೋದೇ ಅದ್ರಿಂದ. ದಮ್ಮಯ್ಯ, ವಿಡಿಯೋ ಸರಿ ಮಾಡ್ಬೇಡ."

ಚಾಪೆಯನ್ನೇನೋ ಬಿಚ್ಚಿದ್ದೇನೆ. ನಾಳೆ ಹೊಸ ವಿಡಿಯೋದಲ್ಲಿ ಅಂಚು ಅತ್ತೆ ಕಲಿಸಿದಂತೆಯೇ ಮಡಚಬೇಕು. ಆದರೆ ಇನ್ನೆಲ್ಲಾದರೂ ಒಂದು ಹೊಸ ತಪ್ಪು ಮಾಡಬೇಕು, ಅತ್ತೆಯ ಕಣ್ಣಿಗೆ ಮಾತ್ರ ಬೀಳುವಂಥದ್ದು. ನಡುವಿನ ಎಳೆಯಲ್ಲಿ ಮಾಡಿದರೆ…