ಮೊಟಕು ಹೆಸರು

ಡಿಸೆಂಬರ್ ೧೬

ನನ್ನ ಮುದ್ದಿನ ತಂಗೀ,

ಹೇಗಿದ್ದೀಯ? ಮಂಡಿನೋವು ಸ್ವಲ್ಪವಾದರೂ ಇಳಿಯಿತೇ? ಈಸ್ಟರ್‌ಗೆ ನೀನು ಕಳಿಸಿದ ಎರಡೇ ಸಾಲಿನ ಕಾರ್ಡಿಗೆ ಡಿಸೆಂಬರ್‌ನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಅನ್ನಿಸಿಕೊಳ್ಳುವುದಕ್ಕೆ ತಯಾರಾಗಿಯೇ ಕೂತಿದ್ದೇನೆ. ನಿನ್ನ ಭಾವನಿಗೆ ಹೊಸ ಹಲ್ಲಿನ ಸೆಟ್ ಬಂದಿದೆ. ಹಾಕಿಕೊಂಡರೆ ಮಾತಾಡಲು ಆಗುವುದಿಲ್ಲ, ಮಾತಾಡಬೇಕೆಂದರೆ ತೆಗೆದಿಡಬೇಕು. ಹೀಗಾಗಿ ಮನೆಯಲ್ಲಿ ಒಂದಿಷ್ಟು ಶಾಂತಿ ಇದೆ.

ಸುತ್ತಿ ಬಳಸಿ ಹೇಳುವುದಿಲ್ಲ. ಈ ಕ್ರಿಸ್‌ಮಸ್‌ಗೆ ನೀನು ಬರಬೇಕು. ಚಿಣ್ಣಿಯನ್ನು ಮಣ್ಣು ಮಾಡಿದ ದಿನ ಹೊರಟವಳು ಐದು ವರ್ಷದಿಂದ ನನ್ನ ಹೊಸ್ತಿಲು ತುಳಿದಿಲ್ಲ. ಅವಳ ಶಿಲುಬೆಯ ಮೇಲೆ ನಾನು ಹೆಸರಿನ ಮೊದಲಕ್ಷರ ಮಾತ್ರ ಬರೆದದ್ದನ್ನು ಕಂಡು, "ನನ್ನ ಮಗಳನ್ನ ಒಂದೇ ಅಕ್ಷರ ಮಾಡಿ ಹೂತುಬಿಟ್ಯಲ್ಲೇ ಅಕ್ಕಾ" ಎಂದೆ. ಮರದ ಪಟ್ಟಿ ಚಿಕ್ಕದು, ಜಾಗ ಸಾಲಲಿಲ್ಲ ಎಂದೆ ನಾನು. ನಮ್ಮಿಬ್ಬರ ಮಾತು ಅಲ್ಲಿಗೇ ನಿಂತಿದೆ. ಈಗ ಅಂಗಡಿಯಲ್ಲಿ ಒಂದು ಸಂಗತಿ ನಡೆದಿದೆ. ಅಕ್ಕನಿಗೆ ತಲೆ ಕೆಟ್ಟಿದೆ ಎಂದು ಅರ್ಧಕ್ಕೇ ಮಡಚಿಡಬೇಡ, ಪೂರ್ತಿ ಓದು.

ಅಪ್ಪನ ಬೋರ್ಡ್ ಬರೆಯುವ ಅಂಗಡಿಗೆ ಡಿಸೆಂಬರ್ ಬಂತೆಂದರೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ನಿನಗೆ ಗೊತ್ತಲ್ಲ. ಈ ಸಲ ಚರ್ಚಿನ ಬಾಗಿಲಿಗೆ ತಗಡಿನ ಬೋರ್ಡ್ ಕೇಳಿದರು. ನಾನು ಇಂಗ್ಲಿಷಿನಲ್ಲಿ ಕ್ರಿಸ್‌ಮಸ್ ಎಂದು ಪೂರ್ತಿ ಬರೆಯದೆ, ಎಲ್ಲ ಅಂಗಡಿಯವರಿಗೂ ಬರೆದುಕೊಡುವ ಹಾಗೆ ಕ್ರೈಸ್ಟ್ ಎಂಬ ಭಾಗದ ಬದಲು ಒಂದು ಎಕ್ಸ್ ಹಾಕಿ ಮೊಟಕು ಮಾಡಿದೆ. ಅಷ್ಟಕ್ಕೇ ರಂಪ ಶುರುವಾಯಿತು.

ನಮಗೆ ಪಾಠ ಹೇಳಿದ್ದ ಟೀಚರ್ ಕೋಲೂರಿಕೊಂಡು ಬಂದರು. "ಕ್ರಿಸ್ತನ ಹಬ್ಬದಿಂದ ಕ್ರಿಸ್ತನನ್ನೇ ಎತ್ತಿ ಆಚೆ ಹಾಕಿದ್ದೀಯಲ್ಲಮ್ಮ! ನಿನ್ನ ಹೆಸರಿನ ಬದಲು ಯಾರಾದ್ರೂ ಒಂದು ಗೀಟು ಎಳೆದ್ರೆ ಸುಮ್ನಿರ್ತೀಯಾ?" ಹಿಂದೆಯೇ ಬಂದ ಫಾದರ್ ನಕ್ಕರು. "ಅದು ಗೀಟಲ್ಲ ಟೀಚರ್. ಗ್ರೀಕ್ ಭಾಷೇಲಿ ಕ್ರಿಸ್ತನ ಹೆಸರು ಶುರುವಾಗೋದೇ ಆ ಅಕ್ಷರದಿಂದ. ಹಿಂದಿನವರು ಭಕ್ತಿಯಿಂದಲೇ ಹಾಗೆ ಬರೀತಿದ್ರು." ಟೀಚರ್ ಬಿಡಬೇಕಲ್ಲ! "ಅದು ಓದಿದ ನಿಮಗೆ ಗೊತ್ತು ಫಾದರ್. ಬೀದೀಲಿ ಹೋಗೋರಿಗೆ ಅಲ್ಲಿ ಯಾರೂ ಇಲ್ಲ ಅಂತಲೇ ಕಾಣೋದು." ತನ್ನ ಬೋರ್ಡಿಗಾಗಿ ಕಾಯುತ್ತಿದ್ದ ಬೇಕರಿಯವನು, "ಹೇಗೆ ಬರೆದ್ರೂ ಕೇಕ್ ಅದೇ ತಾನೇ, ಬೇಗ ಬರ್ಕೊಡಿ" ಎಂದ. "ಜಾಗ ನೋಡ್ಕೊಂಡು ಬರೀಬೇಕಲ್ವಾ ಟೀಚರ್" ಎಂದೆ ನಾನು. ಅವರು ಕೋಲೂರಿಕೊಂಡು ಹೊರಟುಹೋದರು.

ಮರುದಿನ ಮಧ್ಯಾಹ್ನ ಬೀಗ ಹಾಕಿ ಊಟಕ್ಕೆ ಹೋಗಿದ್ದೆ. ಬಂದು ಬಾಗಿಲು ತೆಗೆದರೆ, ಗೋಡೆಗೆ ಒರಗಿಸಿಟ್ಟ ಬೋರ್ಡಿನ ಕೆಳಗಂಚಿನಲ್ಲಿ ಯಾರೋ ಚಾಕ್‌ನಿಂದ ಇಂಗ್ಲಿಷಿನಲ್ಲಿ ಕ್ರಿಸ್‌ಮಸ್ ಎಂದು ಪೂರ್ತಿ ಬರೆದಿದ್ದರು. ಎಸ್ ಎರಡೂ ತಿರುಗುಮುರುಗು. ನಮ್ಮ ಚಿಣ್ಣಿ ಬೆಂಚಿನ ಕೆಳಗೆ ಕೂತು ಎಸ್ ಹೀಗೇ ತಿರುಗಿಸಿ ಬರೆಯುತ್ತಿದ್ದಾಗ ನಾನು ಎಷ್ಟು ಸಲ ತಿದ್ದಿಲ್ಲ! "ಹಾವು ಆ ಕಡೆ ಹೋಗ್ತಿದೆ ದೊಡ್ಡಮ್ಮ, ಬಿಡು" ಎನ್ನುತ್ತಿದ್ದಳು.

"ಇಲಿಗಳಿಗೂ ಇಂಗ್ಲಿಷ್ ಬರೋ ಕಾಲ ಬಂತು" ಎಂದು ನಿನ್ನ ಭಾವ ಹಲ್ಲು ತೆಗೆದಿಟ್ಟು ತಮಾಷೆ ಮಾಡಿದರು. ಆಮೇಲೆ ಬಂದು ನೋಡಿದರು. ಬೀಗವನ್ನು ಎರಡು ಸಲ ಎಳೆದು ನೋಡಿದರು. ಮಾರನೆಯ ದಿನ ನಾನು ಊಟ ಮುಗಿಸಿ ಬರುವವರೆಗೆ ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದರು. ಒಂದು ನೊಣವೂ ಒಳಗೆ ಹೋಗಲಿಲ್ಲವಂತೆ. ಬೇಕರಿಯವನ ಬೋರ್ಡಿನ ಮೇಲೂ ಅದೇ ಬರಹ. ಕೆಳಗೆ ನೆಲದ ಮೇಲೆ ಹೊಸ ಚಾಕ್‌ಪುಡಿ. ಆಮೇಲಿಂದ ಅವರು ತಮಾಷೆ ಮಾಡಿಲ್ಲ. ವಾರದಲ್ಲಿ ನಾಲ್ಕು ಬೋರ್ಡ್ ಹಾಗಾದವು.

ಚಾಕ್‌ನಲ್ಲಿ ಗುರುತು ಹಾಕಿದವರೇ ಅದನ್ನು ಒರೆಸಬೇಕು, ಬೇರೆಯವರು ಒರೆಸುವುದಾದರೆ ಅವರನ್ನು ಕೇಳಿ ಒರೆಸಬೇಕು ಎಂದು ಅಪ್ಪನ ಕಟ್ಟುನಿಟ್ಟು ಇತ್ತಲ್ಲ? ಶುಕ್ರವಾರ ಬಟ್ಟೆ ಹಿಡಿದು ನಿಂತು, ಖಾಲಿ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿಯೇಬಿಟ್ಟೆ: "ಒರೆಸಲಾ ಕಂದಾ?" ಬೆಂಚಿನ ಕೆಳಗಿನಿಂದ ಚಾಕ್ ಕಡ್ಡಿಯಿಂದ ನೆಲ ಕುಟ್ಟಿದ ಸದ್ದು ಬಂತು. ಒಂದು ಸಲ, ಆಮೇಲೆ ಇನ್ನೊಂದು ಸಲ. ಬೇಡ ಎನ್ನುವಾಗ ಅವಳು ಹಾಗೇ ಕುಟ್ಟುತ್ತಿದ್ದಳಲ್ಲ. ಬಗ್ಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಬಟ್ಟೆ ಕೆಳಗಿಟ್ಟು, ನಾಲ್ಕೂ ಬೋರ್ಡಿಗೆ ಮತ್ತೆ ಬಣ್ಣ ಬಳಿದು, ಹಬ್ಬದ ಹೆಸರನ್ನು ಉದ್ದಕ್ಕೆ ಪೂರ್ತಿಯಾಗಿ ಬರೆದೆ. ಅವತ್ತಿನಿಂದ ಯಾವ ಬರಹವೂ ಬಂದಿಲ್ಲ. ತನ್ನ ಮಾತು ಗೆದ್ದಿತೆಂದು ಟೀಚರ್‌ಗೆ ಖುಷಿಯೋ ಖುಷಿ. ಫಾದರ್ ಮಾತ್ರ, "ನನ್ನ ವಾದ ತಪ್ಪಲ್ಲ, ಆದ್ರೆ ಇದೂ ಚೆನ್ನಾಗಿದೆ" ಎಂದರು. ಆ ಸದ್ದಿನ ವಿಷಯ ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಮಹಡಿಯ ಕೋಣೆ ಗುಡಿಸಿ, ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಅವನ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ನಿನ್ನೆ ಚಿಣ್ಣಿಯ ಸಮಾಧಿಗೆ ಹೋಗಿದ್ದೆ. ಎಲ್ಲರ ಬೋರ್ಡ್ ತುಂಬಿಸಿದವಳು ತನ್ನ ಹೆಸರನ್ನೂ ತುಂಬಿಸಿಕೊಂಡಿರುತ್ತಾಳೆ ಎಂದುಕೊಂಡಿದ್ದೆ. ಇಲ್ಲ ಕಣೇ, ನಾನು ಬರೆದ ಆ ಒಂದಕ್ಷರ ಬಿಟ್ಟರೆ ಬೇರೇನೂ ಇರಲಿಲ್ಲ. ಅವತ್ತು ಪಟ್ಟಿಯಲ್ಲಿ ಜಾಗ ಇತ್ತು. ಹಬ್ಬದ ಹನ್ನೊಂದು ಬೋರ್ಡ್ ಬಾಕಿ ಇದ್ದವು, ಬೇಗ ಮುಗಿಯಲಿ ಎಂದು ಮೊದಲಕ್ಷರಕ್ಕೇ ನಿಲ್ಲಿಸಿದೆ. ಉಳಿದ ಜಾಗ ನಿನ್ನ ಕಣ್ಣಿಗೆ ಬೀಳಬಾರದೆಂದು ದಪ್ಪ ಕುಂಚದಿಂದ ಆ ಒಂದಕ್ಷರವನ್ನೇ ಪಟ್ಟಿಯ ತುಂಬ ಎಳೆದೆ. ನೀನು ಅಳುತ್ತಾ ಕೇಳಿದಾಗ ಸುಳ್ಳು ಹೇಳಿದೆ. ನಿನ್ನೆ ಅದನ್ನು ಉಜ್ಜಿ ತೆಗೆದೆ. ಪೂರ್ತಿ ಹೆಸರು ಬರೆಯಲು ಹೋದರೆ ಕೈ ಏಳಲಿಲ್ಲ, ನೀನು ಪಕ್ಕದಲ್ಲಿ ನಿಲ್ಲದೆ ಏಳುವುದೂ ಇಲ್ಲ. ಈಗ ಆ ಮಗು ಒಂದಕ್ಷರವೂ ಇಲ್ಲದ ಶಿಲುಬೆಯ ಕೆಳಗೆ ಮಲಗಿದೆ. ಬೇಗ ಬಾ.