ಜೀಶನ್‌ನ ಕೋಣೆಯಲ್ಲಿ ಹದಿನಾಲ್ಕು ದಿನ

ಕ್ರಾಸ್‌ರೋಡ್ಸ್, ಬೆಲ್‌ವ್ಯೂ, ಅಮೆರಿಕ
7 ಮಾರ್ಚ್ 2021

ಪ್ರೀತಿಯ ಗೌಹರ್ ಆಪಾಗೆ ತಮ್ಮ ಅಜರ್‌ನ ಸಲಾಮ್,

ಹೇಗಿದ್ದೀರಿ? ಶುಗರ್ ಮಾತ್ರೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳುತ್ತಿದ್ದೀರಿ ತಾನೆ? ಮೊಬೈಲಿನಲ್ಲಿ ಪಾಠ ಮಾಡಿ ಮಾಡಿ ಕಣ್ಣು ಉರಿಯುತ್ತದೆ ಎಂದಿದ್ದಿರಿ, ಡಾಕ್ಟರಿಗೆ ತೋರಿಸಿದಿರಾ? ಇಲ್ಲಿ ಹಫ್ಸಾ ಚೆನ್ನಾಗಿದ್ದಾಳೆ. ಮಗಳು ಹಾನಿಯಾ ಒಂದು ವರ್ಷದಿಂದ ಮನೆಯಲ್ಲೇ ಶಾಲೆ ಕಲಿಯುತ್ತಿದ್ದಾಳೆ. ನಾವು ಮನೆಯಲ್ಲಿ ದಖನಿ ಮಾತಾಡಿದರೂ ಬರೆಯಲು ಕೂತರೆ ನನಗೆ ಬರುವುದು ನೀವು ಕಲಿಸಿದ ಕನ್ನಡವೇ. ತಪ್ಪಿದ್ದರೆ ಟೀಚರ್ ಆಗಿ ಓದಬೇಡಿ, ಅಕ್ಕನಾಗಿ ಓದಿ.

ತಮ್ಮ ಜೀಶನ್ ತೀರಿಹೋದ ದಿನ ಫೋನ್ ಮಾಡಿದಾಗ ನೀವು "ಆಯ್ತು" ಎಂದಷ್ಟೇ ಹೇಳಿ ಇಟ್ಟಿರಿ. ಆಮೇಲೆ ನಾನೂ ಮಾಡಲಿಲ್ಲ. ನಿಮಗೆ ಗೊತ್ತಾಗಬೇಕಾದದ್ದು ಬಹಳ ಇದೆ, ಅದಕ್ಕೆ ಈ ಕಾಗದ.

ನಮ್ಮ ಜೀಶನ್‌ನನ್ನು ಡಬ್ಲಿನ್‌ನ ಆಸ್ಪತ್ರೆಗೆ ಕೊರೊನಾ ಆಗಿ ಸೇರಿಸಿದ್ದಾರೆಂದು ತಿಳಿಸಿದವನು ಅವನ ಜೊತೆ ಮನೆ ಹಂಚಿಕೊಂಡಿದ್ದ ಕಲ್ಮೇಶ್. ಹುಬ್ಬಳ್ಳಿ ಕಡೆಯ ಹುಡುಗ, ವೃದ್ಧಾಶ್ರಮದಲ್ಲಿ ಕೆಲಸ. ಭಾರತದಿಂದ ನೀವು ಹೊರಡುವಂತಿರಲಿಲ್ಲ. ನನ್ನ ಬಳಿ ಅಮೆರಿಕದ ಪಾಸ್‌ಪೋರ್ಟ್ ಇತ್ತು. ಮಾರನೆಯ ದಿನವೇ ಈಸ್ಟ್‌ಗೇಟ್‌ನ ಕ್ಲಿನಿಕ್ಕಿನ ಪಾರ್ಕಿಂಗಿನಲ್ಲಿ, ಕಾರಿನಲ್ಲಿ ಕೂತೇ ಕೊರೊನಾ ಪರೀಕ್ಷೆಗೆ ಮೂಗಿಗೆ ಕಡ್ಡಿ ಹಾಕಿಸಿಕೊಂಡೆ. ಹೊರಡುವಾಗ ಹಾನಿಯಾ ಇಂಗ್ಲಿಷಿನಲ್ಲಿ, ಈ ಚಾಚಾ ಯಾರು, ನಾನು ಯಾವತ್ತೂ ನೋಡಿಲ್ಲವಲ್ಲ, ಎಂದು ಕೇಳಿದಳು.

ಡಬ್ಲಿನ್ ಪೂರ್ತಿ ಮುಚ್ಚಿತ್ತು. ಟ್ಯಾಕ್ಸಿಯಲ್ಲಿ ಬರುವಾಗ ಒಂದು ಅಂಗಡಿಯ ಬಾಗಿಲೂ ತೆರೆದಿರಲಿಲ್ಲ. ಹೊರಗಿನಿಂದ ಬಂದವರು ಹದಿನಾಲ್ಕು ದಿನ ಮನೆ ಬಿಟ್ಟು ಹೊರಡುವಂತಿಲ್ಲ. ಕಲ್ಮೇಶ್ ನನಗಾಗಿ ಮನೆ ಖಾಲಿ ಮಾಡಿ ಗೆಳೆಯನ ಹತ್ತಿರ ಹೋಗಿದ್ದ. ಹೀಗೆ ನಾನು ಜೀಶನ್‌ನ ಮಂಚದ ಮೇಲೆ ಮಲಗಿ, ಅವನ ಸ್ವೆಟರ್ ಹಾಕಿಕೊಂಡು, ಕಿಟಕಿಯಿಂದ ಖಾಲಿ ಟ್ರಾಮ್‌ಗಳನ್ನು ನೋಡುತ್ತ ಇದ್ದೆ. ಆಸ್ಪತ್ರೆ ಅಲ್ಲಿಂದ ನಾಲ್ಕು ಸ್ಟಾಪ್ ದೂರ. ಇಷ್ಟು ಹತ್ತಿರ ಬಂದೂ ನಾನು ಅವನನ್ನು ಕಂಡದ್ದು ಫೋನಿನಲ್ಲಿ ಮಾತ್ರ. ಸಂಜೆ ನಾಲ್ಕಕ್ಕೆ ಕೇರಳದ ಒಬ್ಬ ನರ್ಸ್ ಅವನ ಮುಖದ ಮುಂದೆ ಫೋನ್ ಹಿಡಿಯುತ್ತಿದ್ದಳು. ಗಡ್ಡದಲ್ಲಿ ಬಿಳಿ ಕೂದಲು ಬಂದಿತ್ತು ಆಪಾ, ನಿಮ್ಮ ಸೊಂಟದ ಮೇಲೆ ಬೆಳೆದ ಹುಡುಗನಿಗೆ.

ದಿನಾ ಮಧ್ಯಾಹ್ನ ಕಲ್ಮೇಶ್ ಅನ್ನ ಸಾರು ತಂದು ಬಾಗಿಲ ಹೊರಗಿಟ್ಟು, ಮೆಟ್ಟಿಲ ಕೆಳಗೆ ನಿಂತು ಮಾತಾಡುತ್ತಿದ್ದ. ಅಬ್ಬಾ ತೀರಿಹೋದಾಗ ಜೀಶನ್ ಊರಿಗೆ ಯಾಕೆ ಬರಲಿಲ್ಲವೆಂದು ನಾನೇ ಒಂದು ದಿನ ಕೇಳಿದೆ. ರಜೆ ಸಿಗಲಿಲ್ಲ ಎಂದು ಅವನು ಹೇಳಿದ್ದನ್ನೂ, ಇನ್ನು ಈ ಮನೆಗೆ ಫೋನ್ ಮಾಡಬೇಡ ಎಂದು ನೀವು ಹೇಳಿದ್ದನ್ನೂ ಮರೆಯಲು ಆಗುತ್ತದೆಯೇ?

ಕಲ್ಮೇಶ್ ಕೆಳಗಿನ ಮೆಟ್ಟಿಲ ಮೇಲೆ ಕೂತು ಹೇಳಿದ. "ರಜಾ ಎಲ್ಲೀದ್ರಿ ಅಣ್ಣಾರ, ಆಗ ಅಂವಗ ಕೆಲಸಾನ ಇರಲಿಲ್ಲ. ಕಂಪನಿ ಮುಚ್ಚಿತ್ತು, ವೀಸಾ ಮುಗಿದಿತ್ತು. ಹೋದ್ರ ತಿರುಗಿ ಬರಾಕ ಆಗೂದಿಲ್ಲಂತ ಗೊತ್ತಿತ್ತು. ಆದ್ರೂ ಬ್ಯಾಗ್ ತುಂಬಿಕೊಂಡು ಏರ್‌ಪೋರ್ಟ್ ತನಕಾ ಹೋದ. ಸಂಜಿಮುಂದ ವಾಪಸ್ ಬಂದು ಗ್ವಾಡಿ ಕಡೆ ಮುಖಾ ಮಾಡಿ ಕುಂತ. ಯಾರಿಗೂ ಹೇಳಬ್ಯಾಡ ಅಂದಿದ್ದ್ರಿ, ನಾಚಿಕಿ ಅಂವಗ."

ಆಮೇಲೆ ಬೇರೆ ಕೆಲಸ ಸಿಕ್ಕಿ, ಕಾಗದಪತ್ರ ಸರಿಯಾಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತಂತೆ. ಅಷ್ಟರಲ್ಲಿ ಕೊರೊನಾ ಬಂತು. ಅವನು ಬರಬಹುದಿತ್ತು ಎಂದು ನೀವು ಹೇಳಿದರೆ ನಾನು ಇಲ್ಲ ಎನ್ನುವುದಿಲ್ಲ. ಆದರೆ ಅಬ್ಬಾ ಮೇಲೆ ಪ್ರೀತಿ ಇಲ್ಲದೆ ಉಳಿದವನಲ್ಲ.

ಒಂಬತ್ತನೆಯ ದಿನ ಬೆಳಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ನನ್ನ ಹದಿನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ದಫನ್‌ಗೆ ಹತ್ತು ಜನರಿಗೆ ಮಾತ್ರ ಅನುಮತಿ, ನಾನು ಆ ಹತ್ತರಲ್ಲಿ ಇರಲಿಲ್ಲ. ಅಲ್ಲಿನ ಮಸೀದಿಯವರು ನಮಾಜ್ ಮಾಡಿಸಿದರು. ಕಲ್ಮೇಶ್ ಒಂದು ಕೈಯಲ್ಲಿ ಫೋನ್ ಹಿಡಿದು ನನಗೆ ತೋರಿಸುತ್ತ, ಇನ್ನೊಂದು ಕೈಯಲ್ಲಿ ಮೂರು ಹಿಡಿ ಮಣ್ಣು ಹಾಕಿದ. "ಒಂದ ನಿಮ್ಮದು, ಒಂದ ಅಕ್ಕಾರದು, ಒಂದ ನಂದು," ಎಂದ. ಅವನು ಲಿಂಗಾಯತರ ಹುಡುಗ. ನಿನಗೆ ಇದೆಲ್ಲ ಕಷ್ಟವಾಯಿತೇನೋ ಎಂದು ಆಮೇಲೆ ಕೇಳಿದ್ದಕ್ಕೆ, "ನಮ್ಮಾಗೂ ಮಣ್ಣಾಗ ಇಡೂದರೀ ಅಣ್ಣಾರ," ಎಂದ. ನಿಮ್ಮ ದುವಾದಲ್ಲಿ ಅವನ ಹೆಸರನ್ನೂ ಸೇರಿಸಿ.

ಕ್ವಾರಂಟೈನ್ ಮುಗಿದ ದಿನ ಖಬರಸ್ಥಾನಕ್ಕೆ ಹೋದೆ. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ನಿಯಮವಿತ್ತು, ದಾರಿಯಲ್ಲಿ ಪೊಲೀಸರು ತಡೆದರು. ತಮ್ಮನ ಸಮಾಧಿ ಎಂದೆ. ಮತ್ತೇನೂ ಕೇಳದೆ ಬಿಟ್ಟರು. ಕಲ್ಲು ಇನ್ನೂ ಹಾಕಿರಲಿಲ್ಲ, ಮರದ ಪಟ್ಟಿಯ ಮೇಲೆ ಹೆಸರು ಬರೆದಿದ್ದರು. ಅಬ್ಬಾ ಹೆಸರು ಪೀರ್ ಪಾಷಾ ಎಂಬುದರಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಜೇಬಿನಲ್ಲಿದ್ದ ಪೆನ್ನಿನಿಂದ ಸೇರಿಸಿದೆ. ಆಗ ನಾನು ಅತ್ತುಬಿಟ್ಟೆ, ಅಲ್ಲಿಯವರೆಗೆ ಅತ್ತಿರಲಿಲ್ಲ.

ವಿಮಾನ ಸರಿಯಾಗಿ ಶುರುವಾದ ಕೂಡಲೇ ಮೂವರೂ ಮೈಸೂರಿಗೆ ಬರುತ್ತೇವೆ. ಹಾನಿಯಾ ನಿಮಗೆ ಸಲಾಮ್ ಹೇಳಿದ್ದಾಳೆ. ನಿಮ್ಮ ದುವಾ ನಮ್ಮ ಮೇಲಿರಲಿ.

ನಿಮ್ಮ
ಅಜರ್

ಕವರ್ ಅಂಟಿಸುವ ಮೊದಲು ಒಂದು ಮಾತು. ಏಳನೆಯ ದಿನ, ಜೀಶನ್‌ಗೆ ಮಾತಾಡಲು ಆದ ಕೊನೆಯ ಸಂಜೆ, "ಭಾಯ್, ಆಪಾ ಇನ್ನೂ ಗುಸ್ಸಾದಲ್ಲೇ ಇದಾರಾ?" ಎಂದು ಕೇಳಿದ. "ಇಲ್ಲ ಕಣೋ, ಮಾಫ್ ಮಾಡಿದೀನಿ ಅಂತ ಹೇಳು ಅಂದ್ರು, ಈಗಷ್ಟೇ ಫೋನ್ ಮಾಡಿದ್ರು," ಎಂದೆ. "ಸಚ್?" ಎಂದ. ಸಚ್ ಎಂದೆ. ನಿಮ್ಮನ್ನು ಕೇಳದೆ ನಿಮ್ಮ ಹೆಸರಿನಲ್ಲಿ ಹೇಳಿಬಿಟ್ಟಿದ್ದೇನೆ ಆಪಾ. ಅವನು ನಂಬಿಕೊಂಡು ಹೋಗಿದ್ದಾನೆ. ಅದು ಸುಳ್ಳಾಗಿ ಉಳಿಯದ ಹಾಗೆ ನೋಡಿಕೊಳ್ಳಿ.